ವೈಫೈ ಇಲ್ಲದ ಊರು, ನಿಲ್ಲದ ಮಗ್ಗ

ರಾಜಘಟ್ಟದಿಂದ ಮಾತಾಡ್ತಾ ಇದೀನಿ. ರಾತ್ರಿ ಹನ್ನೊಂದೂಕಾಲು, ಕರೆಂಟ್ ಹೋಗಿದೆ. ನನಗೆ ಇದೇ ಒಳ್ಳೇ ಟೈಮು. ಪಕ್ಕದ ಶೆಡ್ಡಲ್ಲಿ ಅಪ್ಪನ ಎರಡು ಪವರ್‌ಲೂಮ್ ಮಗ್ಗ ನಿಂತಿರುತ್ತೆ, ಮೈಕ್ ಆನ್ ಮಾಡಬಹುದು. ದೊಡ್ಡಬಳ್ಳಾಪುರ ಕಡೆಯವರಿಗೆ ಆ ಸದ್ದು ಹೇಳೋದೇ ಬೇಡ. ಹೊರಗಿನವರೊಬ್ರು ಹೋದ ಎಪಿಸೋಡ್ ಕೇಳಿ "ಬ್ರೋ, ಹಿಂದೆ ಯಾರೋ ತಗಡು ಕುಟ್ತಾ ಇದಾರೆ" ಅಂತ ಮೆಸೇಜ್ ಹಾಕಿದ್ರು. ಆ ಮೆಸೇಜೇ ಇವತ್ತಿನ ವಿಷಯಕ್ಕೆ ಕಾರಣ.

ನಿಶ್ಶಬ್ದ ಹುಡುಕ್ಕೊಂಡು ಬೆಂಗಳೂರಿಂದ ಒಬ್ರು ಉತ್ತರ ಧ್ರುವದ ಹತ್ತಿರಕ್ಕೇ ಹೋಗಿದ್ರು. 2023ರ ಡಿಸೆಂಬರ್. ಭಾರತದ ಮೊದಲ ಚಳಿಗಾಲದ ಆರ್ಕ್‌ಟಿಕ್ ಯಾತ್ರೆ. ಆ ತಂಡದಲ್ಲಿ ನಮ್ಮ ರಾಮನ್ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಗಿರೀಶ್ ಬಿ.ಎಸ್. ಇದ್ರು. ಹೋಗಿದ್ದು 'ಹಿಮಾದ್ರಿ'ಗೆ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ನಿ-ಓಲೆಸುಂಡ್ ಅಂತ ಪುಟ್ಟ ಊರಿದೆ, ಉತ್ತರ ಧ್ರುವಕ್ಕೆ ಅಲ್ಲಿಂದ ಸುಮಾರು 1,200 ಕಿಲೋಮೀಟರ್. ಅಲ್ಲಿ ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿ 2008ರ ಜುಲೈ 1ರಿಂದ ಇದೆ. ಆದ್ರೆ ಅಲ್ಲಿವರೆಗೂ ನಮ್ಮವರು ಹೋಗ್ತಿದ್ದದ್ದು ಹೆಚ್ಚಾಗಿ ಬೇಸಿಗೆಯಲ್ಲೇ.

ಆ ಊರಿಗೆ ಹೋದವರು ಮೊದಲು ಮಾಡಬೇಕಾದ ಕೆಲಸ ಏನು ಗೊತ್ತಾ? ಫೋನಲ್ಲಿ ವೈಫೈ ಆಫ್, ಬ್ಲೂಟೂತ್ ಆಫ್. ಇಯರ್‌ಬಡ್ಸ್ ಇಲ್ಲ, ಸ್ಮಾರ್ಟ್‌ವಾಚ್ ಸಿಂಕ್ ಇಲ್ಲ. ಇಂಟರ್ನೆಟ್ ಇದೆ, ಆದ್ರೆ ವೈರ್ ಚುಚ್ಚಿಕೊಂಡು ಕೂತ್ಕೋಬೇಕು. ಊರ ಸುತ್ತ 20 ಕಿಲೋಮೀಟರ್ ರೇಡಿಯೋ ಮೌನದ ಪ್ರದೇಶ. ಯಾಕಂದ್ರೆ ಅಲ್ಲಿ ನಾರ್ವೆಯವರ ದೊಡ್ಡ ಆಂಟೆನಾಗಳಿವೆ. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳ ರೇಡಿಯೋ ಸಂಕೇತ ಹಿಡಿದು, ಭೂಮಿಯ ಚಲನೆಯನ್ನ ಮಿಲಿಮೀಟರ್ ಲೆಕ್ಕದಲ್ಲಿ ಅಳೀತಾರೆ. ಅಷ್ಟು ಕ್ಷೀಣವಾದ ಸಂಕೇತದ ಪಕ್ಕದಲ್ಲಿ ನಿಮ್ಮ ಬ್ಲೂಟೂತ್ ಅಂದ್ರೆ, ಜಾತ್ರೆ ಮೈಕ್ ಪಕ್ಕದಲ್ಲಿ ಗುಟ್ಟು ಹೇಳಿದ ಹಾಗೆ.

ಚಳಿಗಾಲದಲ್ಲಿ ಊರಲ್ಲಿ ಇರೋದು ಮೂವತ್ತು ನಲವತ್ತು ಜನ. ಬೇರೆ ಬೇರೆ ದೇಶದ ಕೇಂದ್ರಗಳು, ಆದ್ರೆ ಊಟ ಎಲ್ಲರಿಗೂ ಒಂದೇ ಮೆಸ್ಸಲ್ಲಿ. ಮನೆಗೆ ಬೀಗ ಹಾಕೋ ಹಾಗಿಲ್ಲ: ಹಿಮಕರಡಿ ಕಂಡ್ರೆ ಯಾವ ಬಾಗಿಲು ಸಿಗುತ್ತೋ ಅದರೊಳಗೆ ನುಗ್ಗಬೇಕಲ್ಲ. ಊರಾಚೆ ಹೋಗೋವಾಗ ಹೆಗಲಿಗೆ ಬಂದೂಕು, ಅದಕ್ಕೆ ಮೊದಲೇ ತರಬೇತಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಹುಟ್ಟೋದೇ ಇಲ್ಲ. ಮೋಡ ಇಲ್ಲದಿದ್ರೆ ಮಧ್ಯಾಹ್ನ ಹನ್ನೆರಡಕ್ಕೂ ಧ್ರುವಪ್ರಭೆ ಕಾಣಬಹುದು. ಇದನ್ನ ಅಜ್ಜಿಗೆ ಹೇಳಿದೆ. ಅಜ್ಜಿ ಎರಡು ನಿಮಿಷ ಯೋಚನೆ ಮಾಡಿ, "ಹಂಗಾದ್ರೆ ಕೋಳಿ ಯಾವಾಗ ಕೂಗ್ತದೆ ಮಗಾ?" ಅಂದ್ರು.

ಗಿರೀಶ್ ಅವರ ಕೆಲಸ ಏನಪ್ಪಾ ಅಂದ್ರೆ, ಅಲ್ಲಿನ ರೇಡಿಯೋ ಗದ್ದಲ ಎಷ್ಟಿದೆ ಅಂತ ಅಳೆಯೋದು. ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹುಟ್ಟಿದಾಗ ಹೈಡ್ರೋಜನ್ ಅನಿಲದಲ್ಲಿ ಆದ ಬದಲಾವಣೆಯ ಗುರುತು ಇವತ್ತಿಗೂ ರೇಡಿಯೋ ಅಲೆಯಾಗಿ ಬರ್ತಾ ಇರಬೇಕು. ತೊಂದರೆ ಏನು? ಅದು ಬರಬೇಕಾದ ಜಾಗ ನಮ್ಮ ಎಫ್‌ಎಂ ಸ್ಟೇಷನ್‌ಗಳ ಅಕ್ಕಪಕ್ಕ. ಭೂಮಿ ಮೇಲೆ ಎಫ್‌ಎಂ ಇಲ್ಲದ ಜಾಗ ಹುಡುಕೋದು ಸುಲಭ ಅಲ್ಲ. ಪಂಪ್‌ಸೆಟ್ ಮೋಟರ್, ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್, ಇವೂ ರೇಡಿಯೋ ಗಲಾಟೆ ಎಬ್ಬಿಸ್ತವೆ.

ನನಗೆ ಮೈ ಜುಮ್ ಅಂದಿದ್ದು ಇನ್ನೊಂದು ವಿಷಯಕ್ಕೆ. ಇದೇ ಸಂಸ್ಥೆಯವರ 'ಸಾರಸ್' ಅನ್ನೋ ರೇಡಿಯೋ ದೂರದರ್ಶಕ 2020ರಲ್ಲಿ ಎಲ್ಲಿತ್ತು ಹೇಳಿ? ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ. ಆಮೇಲೆ ಶರಾವತಿ ಹಿನ್ನೀರಲ್ಲಿ. ನೆಲದ ಪದರಗಳಿಂದ ಬರೋ ತೊಂದರೆ ತಪ್ಪಿಸೋಕೆ ಆಂಟೆನಾನ ತೆಪ್ಪದ ಮೇಲಿಟ್ಟು ನೀರಲ್ಲಿ ತೇಲಿಬಿಟ್ಟಿದ್ರು. ಆಸ್ಟ್ರೇಲಿಯಾದಲ್ಲಿ ಆಂಟೆನಾ ಇಟ್ಟಿದ್ದ ಅಮೆರಿಕದ ತಂಡ, ಆ ಮೊದಲ ನಕ್ಷತ್ರಗಳ ಸಂಕೇತ ಸಿಕ್ಕಿತು ಅಂತ 2018ರಲ್ಲಿ ಹೇಳಿತ್ತು. ಇಲ್ಲಿನ ಅಳತೆ ಅದಕ್ಕೆ ಹೊಂದಲಿಲ್ಲ. 2022ರಲ್ಲಿ 'ನೇಚರ್ ಆಸ್ಟ್ರಾನಮಿ'ಯಲ್ಲಿ ಅದು ಅಚ್ಚಾಯ್ತು. ಒಂದು ಕೆರೆ, ಒಂದು ತೆಪ್ಪ! ನಾವು ಹುಡುಗರು ಆ ಕಡೆಯೆಲ್ಲ ಬೈಕಲ್ಲಿ ಸುತ್ತಾಡಿ ಫೋಟೋ ತೆಗೆದುಕೊಂಡು ಬರ್ತೀವಿ.

ಹೀಗೆಲ್ಲ ಓದ್ತಾ ಓದ್ತಾ ನನಗೂ ಆಸೆ ಆಯ್ತು, ನಿ-ಓಲೆಸುಂಡ್ ಥರ ಇದ್ದಿದ್ರೆ ನಮ್ಮೂರು ಅಂತ. ಎಲ್ಲರೂ ಒಪ್ಪಿ ಸುಮ್ಮನಿರೋ ಊರು. ಒಂದಿನ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳ್ದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಮುಂಚೆ ಏನ್ ಕಸುಬಿತ್ತು?"

ಇದ್ದದ್ದು ಕಲ್ಲಿದ್ದಲು ಗಣಿ. 1962ರ ನವೆಂಬರ್ 5ರಂದು ಗಣಿಯೊಳಗೆ ಸ್ಫೋಟ ಆಗಿ 21 ಜನ ಸತ್ತರು. ಗಣಿ ಮುಚ್ಚಿತು. ಮರುವರ್ಷ ಅದೇ ವಿಚಾರಕ್ಕೆ ನಾರ್ವೆ ಸರ್ಕಾರವೇ ಬಿತ್ತು. ವಿಜ್ಞಾನಿಗಳ ಊರಾಗಿದ್ದು ಆಮೇಲೆ. ಕಲ್ಲಿದ್ದಲು ಎಳೀತಿದ್ದ ಪುಟ್ಟ ರೈಲು ಎಂಜಿನ್ ಇನ್ನೂ ಅಲ್ಲೇ ನಿಂತಿದೆ. ಗಣಿಯ ಮಸಿ ಒಳಗೆ ಬರಬಾರದು ಅಂತ ಬಾಗಿಲಲ್ಲೇ ಶೂ ಬಿಡ್ತಿದ್ರು, ಆ ಪದ್ಧತಿಯನ್ನ ವಿಜ್ಞಾನಿಗಳೂ ಪಾಲಿಸ್ತಾರೆ.

ಅಪ್ಪ ತಟ್ಟೆ ನೋಡ್ತಾನೇ, "ಕೆಲಸ ನಿಂತ್ಮೇಲೆ ಯಾವೂರಾದ್ರೂ ಸುಮ್ಮಗಾಗ್ತದಪ್ಪ" ಅಂದ್ರು. ಬೈದಿದ್ದಲ್ಲ, ಮಾಮೂಲಿಯಾಗೇ ಅಂದ್ರು. ನನಗೆ ಊಟ ಇಳೀಲಿಲ್ಲ.

ನಾನು ಬಿಕಾಂ ಮಾಡಿರೋನು, ಲೆಕ್ಕ ಹಾಕದೇ ಇರಕ್ಕಾಗಲ್ಲ. ಆವತ್ತು ರಾತ್ರಿ ಡೈರಿ ತೆಗೆದು ನೋಡ್ದೆ. ಈ ಪಾಡ್‌ಕಾಸ್ಟ್‌ನ ಅರ್ಧಕ್ಕರ್ಧ ಎಪಿಸೋಡು ಕರೆಂಟ್ ಹೋದಾಗ ರೆಕಾರ್ಡ್ ಆಗಿದ್ದು. ಅಷ್ಟೂ ಗಂಟೆ ಮಗ್ಗ ನಿಂತಿತ್ತು, ಅಷ್ಟೂ ಗಂಟೆ ಕೂಲಿ ಇಲ್ಲ. ಈ ಪಾಡ್‌ಕಾಸ್ಟಿಂದ ಇವತ್ತಿನವರೆಗೆ ನನಗೆ ಬಂದಿರೋ ದುಡ್ಡು ಅದರ ಮುಂದೆ ಚಿಲ್ಲರೆ. ಕರೆಂಟ್ ನಾನೇನು ತೆಗೆದಿಲ್ಲ, ನಿಜ. ಆದ್ರೆ ಪ್ರತಿ ಸಲ ಖುಷಿ ಪಟ್ಟಿದೀನಿ.

ಮೊನ್ನೆ ಅಪ್ಪಾನೇ ಬಂದು, "ವಾರಕ್ಕೊಂದ್ ಗಂಟೆ ಮಗ್ಗ ನಿಲ್ಲಿಸ್ತೀನಿ, ಅದೇನ್ ಮಾತಾಡ್ಕಂತೀಯೋ ಮಾತಾಡ್ಕೋ" ಅಂದ್ರು. ಬೇಡಪ್ಪ ಅಂದೆ. ಗೋಡೆಗೆ ಹಳೇ ಕೌದಿ ಎರಡು ನೇತುಹಾಕಿದೀನಿ, ಪೂರ್ತಿ ತಡೆಯಲ್ಲ. ಮುಂದಿನ ವಾರದಿಂದ ಮಗ್ಗ ಓಡ್ತಿರುವಾಗಲೇ ರೆಕಾರ್ಡ್ ಮಾಡ್ತೀನಿ. ತಗಡು ಕುಟ್ಟೋ ಸದ್ದು ಕೇಳಿದ್ರೆ ನಮ್ಮ ಮನೇಲಿ ಕೆಲಸ ನಡೀತಿದೆ ಅಂದ್ಕೊಳ್ಳಿ. ಮಾತು ಕೇಳಿಸದಿದ್ರೆ ಮಾತ್ರ ಮೆಸೇಜ್ ಹಾಕಿ.