ಘಾಟಿಯ ವ್ಯಾನು ಮತ್ತು ಹಳ್ಳದ ನೀರು

(ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ಏರ್ಪಡಿಸಿದ್ದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲೇಖನರೂಪ)



ಪರಿಸರದ ಸಭೆಯಲ್ಲಿ ವ್ಯಾನಿನ ಎಂಜಿನ್ನಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಡು, ಅಣೆಕಟ್ಟು, ಗಣಿಗಳ ಬಗ್ಗೆ ಚಿಂತಿಸುವ ನಾವು ನಮ್ಮ ಅಂಗಳದಲ್ಲೇ ನಿಂತಿರುವ ವಾಹನವನ್ನು ಗಮನಿಸುವುದು ಕಡಿಮೆ. ಆದರೆ ಮಲೆನಾಡಿನ ಒಂಟಿಮನೆಗಳ ಬದುಕು ಬಹುಮಟ್ಟಿಗೆ ಈ ಪುಟ್ಟ ವ್ಯಾನುಗಳನ್ನು ನೆಚ್ಚಿಕೊಂಡಿದೆ. ಅಡಿಕೆ ಮೂಟೆ ಮಂಡಿ ಸೇರುವುದು, ಮಕ್ಕಳು ಶಾಲೆ ಮುಟ್ಟುವುದು, ನಡುರಾತ್ರಿ ಹೆರಿಗೆ ನೋವು ಬಂದವಳು ಆಸ್ಪತ್ರೆಗೆ ಹೋಗುವುದು ಎಲ್ಲವೂ ಇದರಲ್ಲಿಯೇ. ಆದ್ದರಿಂದ ವ್ಯಾನು ಕೆಟ್ಟರೆ ಅದು ಜೀವದ ಪ್ರಶ್ನೆ. ಅದರಿಂದ ಸೋರಿದ್ದು ಹಳ್ಳ ಸೇರಿದರೆ ಅದು ನೀರಿನ ಪ್ರಶ್ನೆ.

ನಮ್ಮ ಕಡೆ ವ್ಯಾನು ಎಂದರೆ ಓಮ್ನಿ. ೧೯೮೪ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ವಾಹನ ೧೯೮೮ರಲ್ಲಿ ಓಮ್ನಿ ಆಯಿತು. ೨೦೧೯ರಲ್ಲಿ ಅದರ ತಯಾರಿಕೆ ನಿಂತಿತು. ೭೯೬ ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲಿದೆ. ಎಳೆತ ಹಿಂದಿನ ಚಕ್ರಗಳದು. ೨೦೧೦ರಲ್ಲಿ ಬಂದ ಈಕೋ ಇದಕ್ಕಿಂತ ಬಲವಾದದ್ದು. ತಯಾರಿಕೆ ನಿಂತರೂ ಹಳೆಯ ಓಮ್ನಿಗಳು ನಮ್ಮ ರಸ್ತೆಗಳಿಂದ ಮರೆಯಾಗಿಲ್ಲ. ಹಳೆಯದನ್ನು ಸಾಕುವುದೇ ಈಗಿನ ಪ್ರಶ್ನೆ.

ಮಾಲೀಕರನ್ನು ಮಾತಿಗೆಳೆದರೆ ಮೊದಲು ಬರುವ ದೂರು ಎಂಜಿನ್ ಕಾಯುವುದು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ತುಂಬಿದ ವ್ಯಾನು ಮೊದಲನೆಯ, ಎರಡನೆಯ ಗೇರಿನಲ್ಲಿ ಏರುವಾಗ ಎಂಜಿನ್ನು ಜೋರಾಗಿ ದುಡಿಯುತ್ತದೆ, ವೇಗ ಕಡಿಮೆಯಾದ್ದರಿಂದ ಗಾಳಿ ಸಾಲುವುದಿಲ್ಲ. ರೇಡಿಯೇಟರಿಗೆ ಹಳ್ಳದ ನೀರು ತುಂಬುವ ರೂಢಿಯಿಂದ ತುಕ್ಕೂ ಕೆಸರೂ ಸೇರಿ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಮಿತಿಮೀರಿ ಕಾದರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಹೀಗಾದಾಗ ಕೆಲವರು ಥರ್ಮೋಸ್ಟಾಟನ್ನೇ ಕಿತ್ತೆಸೆಯುತ್ತಾರೆ. ಇದು ಮದ್ದಲ್ಲ. ಎಂಜಿನ್ನು ತಕ್ಕ ಬಿಸಿಗೆ ಬಾರದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ, ಹೆಚ್ಚು ಹೊಗೆ ಕಾರುತ್ತದೆ. ರೇಡಿಯೇಟರನ್ನು ಶುಚಿಗೊಳಿಸಿ ಸರಿಯಾದ ಕೂಲೆಂಟ್ ಹಾಕುವುದೇ ದಾರಿ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯುವುದು, ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದು ಎರಡೂ ಅಪಾಯಕರ.

ಹೊಗೆಯ ಬಣ್ಣವನ್ನು ಓದಲು ವಿದ್ಯಾರ್ಥಿಗಳು ಕಲಿಯಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅಂದರೆ ರಿಂಗೋ ವಾಲ್ವ್ ಸೀಲೋ ಸವೆದಿದೆ. ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು. ಮೊದಲು ಏರ್ ಫಿಲ್ಟರ್ ನೋಡಬೇಕು. ಎಂಜಿನ್ನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತಿರಬಹುದು. ಚಳಿಯ ಮುಂಜಾನೆ ಕ್ಷಣಕಾಲ ಕಾಣುವ ಬಿಳಿ ಆವಿ ಮಾತ್ರ ರೋಗವಲ್ಲ. ಎಂಜಿನ್ನು ಸೀಟಿನ ಕೆಳಗೇ ಇರುವ ವ್ಯಾನಿನಲ್ಲಿ ಸೈಲೆನ್ಸರ್ ಕೊಳವೆ ತೂತಾಗಿದ್ದರೆ, ಮಳೆಗೆ ಕಿಟಕಿ ಮುಚ್ಚಿ ಹೋಗುವಾಗ ವಿಷಾನಿಲ ಒಳಗೆ ತುಂಬಬಹುದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಕ್ಕಳು ತಲೆನೋವು, ವಾಕರಿಕೆ ಎಂದರೆ ಅದು ತಿರುವುಗಳ ಪರಿಣಾಮ ಎಂದಷ್ಟೇ ತಿಳಿದು ಸುಮ್ಮನಿರಬಾರದು.

ಇಳಿಜಾರಿನ ಅಪಾಯ ಏರಿಗಿಂತ ದೊಡ್ಡದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಂತೂ ತೇವಕ್ಕೆ ಕೊರತೆಯಿಲ್ಲ. ಡಾಟ್-೩ ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಅದಕ್ಕೆ ನಿಗದಿಯಾದ ಮಿತಿ ೧೪೦ ಮಾತ್ರ. ಉದ್ದಕ್ಕೂ ಬ್ರೇಕ್ ಒತ್ತಿ ಇಳಿದರೆ ಆಯಿಲು ಕುದಿದು ಗುಳ್ಳೆ ಹುಟ್ಟಿ ಪೆಡಲು ತಳ ಸೇರುತ್ತದೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರು ಈ ಅಪಾಯವನ್ನು ತಾವೇ ಕರೆಯುತ್ತಿದ್ದಾರೆ. ಯಾವ ಗೇರಿನಲ್ಲಿ ಏರಿದೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ. ಎರಡು ವರ್ಷಕ್ಕೊಮ್ಮೆಯಾದರೂ ಬ್ರೇಕ್ ಆಯಿಲ್ ಬದಲಿಸುವುದು ಲೇಸು.

ಈಚೆಗೆ ಇನ್ನೊಂದು ಚಿಂತೆ ಸೇರಿದೆ. ೨೦೨೫ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಶೇಕಡಾ ೨೦ನ್ನು ಮುಟ್ಟಿತು. ಹಳೆಯ ವಾಹನಗಳ ಮೈಲೇಜು ಸ್ವಲ್ಪ ತಗ್ಗಬಹುದೆಂದೂ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದೆಂದೂ ಸರ್ಕಾರವೇ ಹೇಳಿದೆ. ಎಥನಾಲು ಕೂಡ ನೀರನ್ನು ಸೆಳೆಯುತ್ತದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ವ್ಯಾನಿನ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ನಿಲ್ಲಬಹುದು. ಪೆಟ್ರೋಲ್ ಪೈಪು ಬಿರುಕು ಬಿಟ್ಟಿದೆಯೇ ಎಂದು ನೋಡಿಸದೆ ಇಂಥ ವ್ಯಾನನ್ನು ಓಡಿಸಬಾರದು.

ಇಷ್ಟು ವಾಹನದ ಮಾತು. ಈಗ ಹಳ್ಳದ ಮಾತಿಗೆ ಬರೋಣ.

ಓಮ್ನಿಯ ಎಂಜಿನ್ನಿನಿಂದ ಒಂದು ಬಾರಿ ಇಳಿಸುವ ಆಯಿಲು ಸುಮಾರು ಮೂರು ಲೀಟರು. ಒಂದು ಊರಿನಲ್ಲಿ ಇಪ್ಪತ್ತು ವ್ಯಾನುಗಳಿದ್ದು ವರ್ಷಕ್ಕೆ ಎರಡು ಸಲ ಬದಲಿಸಿದರೆ ನೂರಿಪ್ಪತ್ತು ಲೀಟರು. ಇದು ಎಲ್ಲಿಗೆ ಹೋಗುತ್ತದೆ? ಕೆಲವರು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುತ್ತಾರೆ, ಕೆಲವರು ಚರಂಡಿಗೆ ಚೆಲ್ಲುತ್ತಾರೆ. ಸವೆದ ಲೋಹದ ಕಣಗಳೂ ಉರಿದುಳಿದ ವಿಷವಸ್ತುಗಳೂ ಬೆರೆತ ಆ ಕಪ್ಪು ದ್ರವ ಮೊದಲ ಮಳೆಗೇ ತೊಳೆದುಹೋಗುತ್ತದೆ. ಬಯಲುಸೀಮೆಯಲ್ಲಿ ಚೆಲ್ಲಿದ್ದು ಅಲ್ಲಿಯೇ ಇಂಗೀತು. ಮಲೆಯ ಇಳಿಜಾರಿನಲ್ಲಿ ಚೆಲ್ಲಿದ್ದು ತೋಟದ ಕಪ್ಪಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಸೀತೆಗೋ ಶರಾವತಿಗೋ ಸೇರುತ್ತದೆ. ಅಬ್ಬಿಯ ನೀರು ಕುಡಿಯುವ ಮನೆಗಳಿಗೆ ಇದು ದೂರದ ಮಾತಲ್ಲ. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಗಾಳಿಯ ಆಮ್ಲಜನಕವನ್ನು ತಡೆಯುತ್ತದೆ. ಮೀನೂ ಕಪ್ಪೆಯ ಮರಿಗಳೂ ಮೊದಲು ಸಾಯುತ್ತವೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ; ರಸ್ತೆಬದಿ ಸುರಿದರೆ ನಾಯಿ, ದನಕರುಗಳು ನೆಕ್ಕಿ ಸಾಯಬಹುದು. ಬಳಸಿದ ಆಯಿಲನ್ನು ೨೦೧೬ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿವೆ. ೨೦೨೪ರ ಏಪ್ರಿಲಿನಿಂದ ಆಯಿಲ್ ತಯಾರಕರ ಮೇಲೂ ಮರುಬಳಕೆಯ ಹೊಣೆ ಬಿದ್ದಿದೆ. ಕಾನೂನಿದೆ; ಆದರೆ ಅದು ಘಾಟಿ ಹತ್ತಿ ನಮ್ಮ ಊರಿನ ಗ್ಯಾರೇಜಿಗೆ ಬರಬೇಕಾದರೆ ನಾವೇ ಕರೆಯಬೇಕು.

ಹಳೆಯ ವ್ಯಾನುಗಳನ್ನೆಲ್ಲ ಗುಜರಿಗೆ ಹಾಕಿ ಎಂದು ಹೇಳುವುದು ನಗರದವರಿಗೆ ಸುಲಭ. ಬಸ್ಸಿಲ್ಲದ ಊರಿನವರು ಏನು ಮಾಡಬೇಕು? ಕಾರ್ಮಿಕರೇ ೧೯೯೧ರಲ್ಲಿ ಕಟ್ಟಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ೨೦೨೦ರಲ್ಲಿ ನಿಂತಾಗ ಮಲೆನಾಡಿನ ಎಷ್ಟೋ ಊರುಗಳಿಗೆ ಆಸರೆ ತಪ್ಪಿತು. ೨೦೨೩ರಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಸರ್ಕಾರಿ ಬಸ್ಸು ಬರುವ ರಸ್ತೆಯ ಹೆಣ್ಣುಮಕ್ಕಳಿಗಷ್ಟೇ ದಕ್ಕುತ್ತದೆ. ಆದ್ದರಿಂದ ವ್ಯಾನಿನ ಮಾಲೀಕರನ್ನು ಪರಿಸರದ ವಿರೋಧಿಗಳೆಂದು ದೂರುವುದು ನ್ಯಾಯವಲ್ಲ. ಬಸ್ಸು ಕೇಳುವ ಹೋರಾಟವೂ ಪರಿಸರ ಹೋರಾಟವೇ. ಒಂದು ಬಸ್ಸು ಹತ್ತು ವ್ಯಾನುಗಳ ಹೊಗೆಯನ್ನು ತಪ್ಪಿಸಬಲ್ಲದು.

ಕೊನೆಯದಾಗಿ ಮೂರು ಕೆಲಸಗಳನ್ನು ಈ ಸಭೆಯ ಮುಂದಿಡುತ್ತೇನೆ. ಒಂದು, ಪ್ರತಿ ಊರಿನ ಗ್ಯಾರೇಜಿನಲ್ಲಿ ಮುಚ್ಚಳವಿರುವ ಒಂದು ಡ್ರಮ್ ಇಟ್ಟು ಹಳೆಯ ಆಯಿಲ್ ಕೂಡಿಸಿ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಲು ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದು. ಎರಡು, ಮುಂಗಾರಿಗೆ ಮುನ್ನ ವಿದ್ಯಾರ್ಥಿಗಳೂ ಮೆಕ್ಯಾನಿಕರೂ ಕೂಡಿ ಬ್ರೇಕು, ಹೊಗೆ, ಪೈಪುಗಳ ತಪಾಸಣಾ ಶಿಬಿರ ನಡೆಸುವುದು. ಶಾಲಾಮಕ್ಕಳನ್ನು ಒಯ್ಯುವ ವ್ಯಾನುಗಳಿಗೆ ಅಲ್ಲಿ ಮೊದಲ ಸರದಿ. ಮೂರು, ಹಳ್ಳದಲ್ಲಿ ವಾಹನ ತೊಳೆಯುವುದನ್ನು ಇಂದಿನಿಂದಲೇ ನಿಲ್ಲಿಸುವುದು. ಇದಕ್ಕೆ ಸರ್ಕಾರದ ಆದೇಶವೂ ಬೇಡ, ಹಣವೂ ಬೇಡ.

ಮೇಲಿನ ಮನೆಯವರು ಚೆಲ್ಲಿದ್ದನ್ನು ಕೆಳಗಿನ ಮನೆಯವರು ಕುಡಿಯಬೇಕಾದ ನಾಡು ನಮ್ಮದು. ಈ ಒಂದು ಮಾತು ನೆನಪಿನಲ್ಲಿದ್ದರೆ ಸಾಕು, ಉಳಿದದ್ದು ತಾನಾಗಿ ಹೊಳೆಯುತ್ತದೆ.