ದೊಡ್ಡ ಕಲ್ಲಂಗಡಿಯೂ ದರ್ಜಿಯ ಟೇಪೂ
(ಬೆಳ್ಳಿಹಬ್ಬದ ರೈತರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಹಕಾರ ತತ್ವದ ಬಗ್ಗೆ ನಮಗಿಂತ ಚೆನ್ನಾಗಿ ಬಲ್ಲವರು ಬೆಳಗಿನಿಂದ ಮಾತಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಕಲ್ಲಂಗಡಿ. ಊಟಕ್ಕೆ ಮುಂಚಿನ ಹೊತ್ತಿಗೆ ಹಣ್ಣಿನ ವಿಷಯ ಇಟ್ಟವರು ಯಾರೋ ಜಾಣರೇ ಇರಬೇಕು.

ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಹೋಪ್ ಅಂತ ಒಂದು ಸಣ್ಣ ಊರು. ಅಲ್ಲಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 1946ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಆದರೆ ಊರು ಹೆಸರು ಮಾಡಿರುವುದು ಕಲ್ಲಂಗಡಿಯಿಂದಲೂ ಹೌದು. 2005ರಲ್ಲಿ ಅಲ್ಲಿಯ ಬೆಳೆಗಾರರೊಬ್ಬರ ಹಣ್ಣು 268.8 ಪೌಂಡು, ಅಂದರೆ ಸುಮಾರು 122 ಕೆ.ಜಿ. ತೂಗಿ ವಿಶ್ವದಾಖಲೆ ಆಯಿತು. 2013ರಲ್ಲಿ ಟೆನ್ನೆಸ್ಸಿ ರಾಜ್ಯದ ಸೆವಿಯರ್‌ವಿಲ್‌ನ ಒಬ್ಬರು ಅದನ್ನೂ ಮೀರಿಸಿ 350.5 ಪೌಂಡಿನ ಹಣ್ಣು ತಂದರು. ಸುಮಾರು 159 ಕೆ.ಜಿ.! ಐವತ್ತು ಕೆ.ಜಿ.ಯ ಮೂರು ಮೂಟೆ ಒಂದೇ ತೊಟ್ಟಿನಲ್ಲಿ ಬಿಟ್ಟ ಹಾಗೆ. ನಮ್ಮ ಹೆಸರಘಟ್ಟದ ಸಂಸ್ಥೆ ಕೊಟ್ಟ ಅರ್ಕಾ ಮಾಣಿಕ್ ತಳಿಯ ಹಣ್ಣು ಸರಾಸರಿ 6 ಕೆ.ಜಿ. ಅಂತ ನೆನಪಿಟ್ಟುಕೊಂಡರೆ ಇದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ಇಂಥ ಸ್ಪರ್ಧೆಗೆ ಕೆರೊಲಿನಾ ಕ್ರಾಸ್ ಎಂಬ ತಳಿ ಹೆಸರುವಾಸಿ. ಬಳ್ಳಿಗೆ ಒಂದೇ ಕಾಯಿ ಉಳಿಸಿ ಮಿಕ್ಕ ಹೀಚುಗಳನ್ನು ಕಿತ್ತುಬಿಡುತ್ತಾರೆ. ಬೆಳೆಸಿದ್ದಾಯಿತು, ಆದರೆ ಹೊಲದಲ್ಲಿರುವಾಗ ಅದರ ತೂಕ ಎಷ್ಟು ಅಂತ ತಿಳಿಯುವುದು ಹೇಗೆ? ಎತ್ತಿ ನೋಡುವ ಹಾಗಿಲ್ಲ, ತೊಟ್ಟು ಮುರಿದರೆ ಕಥೆ ಮುಗಿಯಿತು. ತಿಳಿಯದೇ ಸುಮ್ಮನಿರುವ ಹಾಗೂ ಇಲ್ಲ. ದಿನದಿನಕ್ಕೆ ಎಷ್ಟು ಏರುತ್ತಿದೆ, ಬೆಳವಣಿಗೆ ನಿಂತಿತೇ, ಯಾವಾಗ ಕೊಯ್ಯಬೇಕು, ಇದೆಲ್ಲ ಗೊತ್ತಾಗಬೇಕು.

ಅದಕ್ಕೆ ಅವರು ಹಿಡಿಯುವುದು ದರ್ಜಿಯ ಟೇಪು. ದೊಡ್ಡ ಕುಂಬಳ ಬೆಳೆಯುವವರ ಕ್ರಮವನ್ನೇ ಕಲ್ಲಂಗಡಿಗೂ ಬಳಸುತ್ತಾರೆ. ಮಲಗಿರುವ ಹಣ್ಣಿನ ಸುತ್ತ ನೆಲಕ್ಕೆ ಸಮನಾಗಿ ಒಂದು ಅಳತೆ. ತೊಟ್ಟಿನ ಕಡೆ ನೆಲದಿಂದ ಹಣ್ಣಿನ ಬೆನ್ನ ಮೇಲೆ ಹಾಯ್ದು ಆ ತುದಿಯ ನೆಲದವರೆಗೆ ಇನ್ನೊಂದು. ಅಡ್ಡಡ್ಡಲಾಗಿ ಈ ಪಕ್ಕದ ನೆಲದಿಂದ ಆ ಪಕ್ಕದ ನೆಲಕ್ಕೆ ಮೂರನೆಯದು. ಮೂರನ್ನೂ ಕೂಡಿಸಿ ಕೋಷ್ಟಕ ನೋಡಿದರೆ ಇಷ್ಟು ಇಂಚಿಗೆ ಇಷ್ಟು ಪೌಂಡು ಅಂತ ಇರುತ್ತದೆ. ಆ ಕೋಷ್ಟಕವೇನೂ ಆಕಾಶದಿಂದ ಇಳಿದದ್ದಲ್ಲ, ಹಿಂದೆ ಅಳೆದು ತಕ್ಕಡಿಗೆ ಹಾಕಿದ ಹಣ್ಣುಗಳ ಲೆಕ್ಕವೇ. ಆದರೂ ಹೇಳಿದಷ್ಟೇ ತೂಗುತ್ತದೆ ಅಂತಿಲ್ಲ. ಒಳಗೆ ಪೊಳ್ಳು ಬಿದ್ದ ಹಣ್ಣು ಕಡಿಮೆ ತೂಗುತ್ತದೆ, ಗಟ್ಟಿ ಹಣ್ಣು ಹೆಚ್ಚು ತೂಗುತ್ತದೆ. ಬಹುಮಾನ ಕೊಡುವಾಗ ಟೇಪಿನ ಮಾತು ನಡೆಯದು, ತಕ್ಕಡಿಯದೇ ಕೊನೆಯ ಮಾತು.

ಇಷ್ಟು ದೂರ ಹೋಗಿ ಬಂದದ್ದು ಯಾಕೆ ಅಂತೀರಾ? 159 ಕೆ.ಜಿ. ಹಣ್ಣು ನಮಗೆ ಬೇಕಿಲ್ಲ, ಅದನ್ನು ಕೊಳ್ಳುವವರೂ ಇಲ್ಲ. ಬೇಕಾಗಿರುವುದು ಆ ಟೇಪು. ನಮ್ಮಲ್ಲಿ ವ್ಯಾಪಾರಿ ಹೊಲಕ್ಕೆ ಬರ್ತಾನೆ, ಬದುವಿನ ಮೇಲೆ ನಿಂತು ಕಣ್ಣಾಡಿಸ್ತಾನೆ, ಇಡೀ ಹೊಲಕ್ಕೆ ಇಷ್ಟು ಅಂತಾನೆ. ಇಲ್ಲವೇ ದೊಡ್ಡದು, ನಡುಗಾತ್ರ, ಸಣ್ಣದು ಅಂತ ಮೂರು ಗುಡ್ಡೆ ಹಾಕಿಸಿ ಕಾಯಿ ಲೆಕ್ಕಕ್ಕೆ ಒಯ್ತಾನೆ. ಅವನದು ದಿನಾ ಹತ್ತು ಹೊಲ ನೋಡಿದ ಕಣ್ಣು, ನಮ್ಮದು ಒಂದೇ ಹೊಲ ನೋಡಿದ ಕಣ್ಣು. ಈ ಪಂದ್ಯದಲ್ಲಿ ಗೆಲ್ಲುವವರು ಯಾರು ಅಂತ ಹೇಳಬೇಕಾಗಿಲ್ಲ.

ನಮ್ಮ ಕಾಯಿಗೆ ಎರಡೇ ಅಳತೆ ಸಾಕು. ಹಣ್ಣಿನ ನಡುವಿಗೆ, ಅತಿ ದಪ್ಪ ಇರುವ ಕಡೆ, ಅಡ್ಡಲಾಗಿ ಟೇಪು ಸುತ್ತಿ ಸೆಂಟಿಮೀಟರಿನಲ್ಲಿ ಸುತ್ತಳತೆ ತೆಗೆಯಿರಿ. ಉದ್ದವನ್ನು ಮಾತ್ರ ಬೆನ್ನ ಮೇಲೆ ಟೇಪು ಬಾಗಿಸಿ ತೆಗೆಯಬಾರದು. ಎರಡು ತುದಿಗೂ ಒಂದೊಂದು ಹಲಗೆ ನೆಟ್ಟಗೆ ನಿಲ್ಲಿಸಿ ನಡುವಿನ ಅಂತರ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 20ರಿಂದ ಭಾಗಿಸಿ. ಬರುವುದು ಗ್ರಾಂ. ಮೊಟ್ಟೆಯಾಕಾರದ ವಸ್ತುವಿನ ಗಾತ್ರದ ಸೂತ್ರದಲ್ಲಿ ಭಾಗಿಸುವ ಅಂಕಿ ಸುಮಾರು 19. ಕಲ್ಲಂಗಡಿ ನೀರಿನಲ್ಲಿ ತೇಲುತ್ತದೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ತುಸು ಹಗುರ. ಅದಕ್ಕಾಗಿ 20 ಹಿಡಿದಿದ್ದೇವೆ.

ಈಗ ನೋಡಿ. ಸುತ್ತಳತೆ 60, ಉದ್ದ 25 ಇದ್ದರೆ 4,500 ಗ್ರಾಂ, ಅಂದರೆ ನಾಲ್ಕೂವರೆ ಕೆ.ಜಿ. ಪಕ್ಕದ ಕಾಯಿ ನೂರಕ್ಕೆ ಹತ್ತರಷ್ಟು ದೊಡ್ಡದು ಅನ್ನೋಣ: ಸುತ್ತಳತೆ 66, ಉದ್ದ ಇಪ್ಪತ್ತೇಳೂವರೆ. ತೂಕ? ಹೆಚ್ಚುಕಡಿಮೆ 6 ಕೆ.ಜಿ.! ಉದ್ದ, ಅಗಲ, ಎತ್ತರ ಮೂರೂ ಬೆಳೆಯುವುದರಿಂದ ಹತ್ತು ಅಂತ ಕಂಡದ್ದು ತಕ್ಕಡಿಯಲ್ಲಿ ಮೂವತ್ತಮೂರು ಆಗುತ್ತದೆ. ಬದುವಿನ ಮೇಲಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ, ಒಂದೇ ಗುಡ್ಡೆಗೆ ಬೀಳುತ್ತವೆ, ಒಂದೇ ರೇಟು. ಕೆ.ಜಿ.ಗೆ 10 ರೂಪಾಯಿ ಅಂತ ಬರೀ ಲೆಕ್ಕಕ್ಕೆ ಹಿಡಿದರೂ ಕಾಯಿಗೆ 15 ರೂಪಾಯಿ ಹೋಯಿತು. ಅಂಥ ಸಾವಿರ ಕಾಯಿ ಇದ್ದರೆ 15,000.

ಇಡೀ ಹೊಲದ ಅಂದಾಜಿಗೆ ಸಾಲು ಬಿಟ್ಟು ಸಾಲು ನಡೆದು, ಇಷ್ಟು ಹೆಜ್ಜೆಗೊಂದು ಅಂತ ಇಪ್ಪತ್ತು ಕಾಯಿ ಅಳೆಯಿರಿ. ಕಣ್ಣಿಗೆ ಚೆಂದ ಕಂಡದ್ದನ್ನೇ ಆರಿಸಿದರೆ ನಮಗೆ ನಾವೇ ಟೋಪಿ ಹಾಕಿಕೊಂಡ ಹಾಗೆ. ಒಂದೊಂದರ ತೂಕ ಬೇರೆಬೇರೆ ಕಂಡುಹಿಡಿದು ಆಮೇಲೆ ಸರಾಸರಿ ಮಾಡಬೇಕು. ಅಳತೆಗಳನ್ನೇ ಮೊದಲು ಸರಾಸರಿ ಮಾಡಿ ಗುಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಬಂದ ಸರಾಸರಿಯನ್ನು ಹೊಲದ ಕಾಯಿಗಳ ಎಣಿಕೆಯಿಂದ ಗುಣಿಸಿ. ವ್ಯಾಪಾರಿ ಬರುವ ಹಿಂದಿನ ಸಂಜೆಯೇ ಈ ಕೆಲಸ ಮುಗಿದಿರಲಿ. ಮಕ್ಕಳ ಕೈಗೆ ಟೇಪು ಕೊಟ್ಟರೆ ಆಟದ ಹಾಗೆ ಮಾಡಿಬಿಡುತ್ತವೆ, ಗುಣಾಕಾರವೂ ಕಲಿತಂತಾಯಿತು.

ಒಂದು ಎಚ್ಚರಿಕೆ. 20 ಎನ್ನುವುದು ದೇವರು ಬರೆದ ಅಂಕಿಯಲ್ಲ. ಉದ್ದನೆಯ, ತುದಿ ಮೊಂಡಾಗಿರುವ ತಳಿ ಈ ಲೆಕ್ಕಕ್ಕಿಂತ ಹೆಚ್ಚೇ ತೂಗುತ್ತದೆ. ನಿಮ್ಮ ತಳಿಯ ಹತ್ತು ಕಾಯಿ ಅಳೆದು ಸಂಘದ ತಕ್ಕಡಿಗೆ ಹಾಕಿ ನೋಡಿ. ಎಲ್ಲವೂ ಒಂದೇ ಕಡೆಗೆ ಜಾಸ್ತಿ ಬಂದರೆ 19 ಹಿಡಿಯಿರಿ, ಕಮ್ಮಿ ಬಂದರೆ 21. ಬರೆದಿಟ್ಟುಕೊಂಡರೆ ಎರಡು ಮೂರು ಬೆಳೆಯಲ್ಲಿ ನಮ್ಮೂರಿನದೇ ಕೋಷ್ಟಕ ಆಗುತ್ತದೆ. ಹೋಪ್ ಊರಿನವರಂತೆ ಬೆಳೆಯಲಾಗದಿದ್ದರೂ ಅವರಂತೆ ಅಳೆಯುವುದಕ್ಕೆ ಅಡ್ಡಿಯೇನಿಲ್ಲ.

ವೇದಿಕೆಯ ಬಲಗಡೆ ಹತ್ತು ಕಾಯಿ ಇಟ್ಟಿದ್ದೇವೆ. ಪಕ್ಕದಲ್ಲೇ ಟೇಪು, ಎರಡು ಹಲಗೆ, ಸಂಘದ ತಕ್ಕಡಿ ಇವೆ. ಊಟ ಮುಗಿಸಿ ಬನ್ನಿ, ನೀವೇ ಅಳೆದು ಚೀಟಿಯಲ್ಲಿ ಬರೆಯಿರಿ. ತೂಗಿ ನೋಡಿದ ಮೇಲೆ ಹಣ್ಣು ಕುಯ್ದು ಹಂಚೋಣ.