ದುರ್ಗ ಬಿದ್ದದ್ದು ದ್ರೋಹದಿಂದಷ್ಟೇನಾ? ಗ್ರೀಕ್ ರುದ್ರನಾಟಕದ ಎದುರು ನಮ್ಮ ಮದಕರಿ ನಾಯಕರು



ಸುಗ್ಗಿ ಮುಗಿದ ಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಒಂದು ಸುತ್ತು ಹಾಕಿದರೆ ಗೋಡೆ ಮೇಲೆ ಒಂದು ಪೋಸ್ಟರ್ ಕಾಣುತ್ತೆ. ಕುರುಕ್ಷೇತ್ರ ನಾಟಕ. ಪಾತ್ರಧಾರಿಗಳ ಫೋಟೊಗಳು ಸಾಲಾಗಿ ಇರ್ತವೆ, ಕೆಳಗೆ ಹಾರ್ಮೋನಿಯಂ ಮೇಷ್ಟ್ರ ಹೆಸರು. ಹೊಲ ಗೇಯುವವರು, ಅಂಗಡಿ ನಡೆಸುವವರು ತಮ್ಮ ಕೈಯಿಂದಲೇ ದುಡ್ಡು ಹಾಕಿ ಪಾತ್ರ ಕಟ್ಟುತ್ತಾರೆ. ದುರ್ಯೋಧನನ ಪಾತ್ರಕ್ಕಂತೂ ಯಾವಾಗಲೂ ಪೈಪೋಟಿ. ಅವನು ಸೋಲ್ತಾನೆ, ತೊಡೆ ಮುರಿದು ಬೀಳ್ತಾನೆ ಅನ್ನೋದು ಊರಿನ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂತು ನೋಡ್ತಾರೆ. ಯಾಕೆ?

ಸುಮಾರು 2,500 ವರ್ಷದ ಹಿಂದೆ ಅಥೆನ್ಸಿನ ಜನರೂ ಹೀಗೇ ಕೂತಿದ್ದರು. ವಸಂತದಲ್ಲಿ ಡಯೋನಿಸಸ್ ದೇವರ ಜಾತ್ರೆ. ಆಕ್ರೋಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಊರಿಗೆ ಊರೇ ಸೇರೋದು. ಮೂವರು ಕವಿಗಳ ನಡುವೆ ಸ್ಪರ್ಧೆ, ಒಬ್ಬೊಬ್ಬರದೂ ಮೂರು ರುದ್ರನಾಟಕ, ಜೊತೆಗೊಂದು ಹಗುರವಾದ ಆಟ. ನಟರಿಗೆಲ್ಲ ಮುಖವಾಡ. ಮಾತಾಡುವ ನಟರು ಮೂವರೇ, ಇರೋ ಪಾತ್ರಗಳನ್ನೆಲ್ಲ ಅವರೇ ಹಂಚಿಕೊಳ್ಳಬೇಕು. ಅವರ ಜೊತೆಗೆ ಹನ್ನೆರಡರಿಂದ ಹದಿನೈದು ಜನರ ಮೇಳ. ಆ ಮೇಳ ಹಾಡುತ್ತೆ, ಕುಣಿಯುತ್ತೆ, ರಾಜನಿಗೆ ಬುದ್ಧಿ ಹೇಳುತ್ತೆ, ಹೆದರುತ್ತೆ, ಅಳುತ್ತೆ. ನಮ್ಮ ಬಯಲಾಟದ ಹಿಮ್ಮೇಳ ನೋಡಿದವರಿಗೆ ಇದು ತೀರಾ ಹೊಸದೇನಲ್ಲ. ಕಥೆಗಳೂ ಎಲ್ಲರಿಗೂ ಗೊತ್ತಿದ್ದ ಪುರಾಣಗಳೇ. ಸೊಫೊಕ್ಲಿಸ್ ಒಬ್ಬನೇ 120ರ ಆಸುಪಾಸು ನಾಟಕ ಬರೆದ, ನಮಗೆ ಪೂರ್ತಿ ಸಿಕ್ಕಿರೋದು 7.

ಆ ರಂಗಸ್ಥಳ ಹೇಗಿತ್ತು ಅಂತ ಒಂದು ಅಂದಾಜು ಬೇಕಿದ್ದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ. ಅಲ್ಲಿನ ಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಗ್ರೀಕ್ ಮಾದರಿಯ ಬಯಲು ರಂಗಮಂದಿರ ಕಟ್ಟಿಸಿದ್ದಾರೆ. ಅರ್ಧ ಚಂದ್ರನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಆಸನ, ಕೆಳಗೆ ರಂಗ, ಮೇಲೆ ಬರೀ ಆಕಾಶ. ಅಲ್ಲಿನ ಶಿವಸಂಚಾರ ತಂಡ 1997ರಿಂದ ನಾಡೆಲ್ಲ ಸುತ್ತಿ ನಾಟಕ ಆಡ್ತಾ ಇದೆ. ಒಂದು ಹಳ್ಳಿಯ ಮಠ ನಾಟಕವನ್ನ ಇಷ್ಟು ಶ್ರದ್ಧೆಯಿಂದ ಹಿಡಿದುಕೊಂಡಿದೆ ಅನ್ನೋದು ನಮ್ಮ ಚಿತ್ರದುರ್ಗ ಜಿಲ್ಲೆಯ ದೊಡ್ಡ ಭಾಗ್ಯ ಅಂತ ನಾನು ನಂಬ್ತೀನಿ.

ಸರಿ, ಈ ನಾಟಕಗಳ ನಾಯಕ ಎಂಥವನು? ಸೊಫೊಕ್ಲಿಸನ ಈಡಿಪಸ್ ಕಥೆ ನೋಡಿ. ಥೀಬ್ಸ್ ನಗರಕ್ಕೆ ಪಿಡುಗು ಬಡಿದಿದೆ. ಹಿಂದಿನ ರಾಜನನ್ನ ಕೊಂದವನು ಊರಲ್ಲೇ ಇದ್ದಾನೆ, ಅವನನ್ನ ಹೊರಗೆ ಹಾಕಿ ಅಂತ ದೇವವಾಣಿ ಆಗಿದೆ. ಈಡಿಪಸ್ ಒಳ್ಳೆಯ ರಾಜ, ಪ್ರಜೆಗಳ ಸಂಕಟ ಅವನಿಗೆ ತಡೆಯಕ್ಕಾಗಲ್ಲ. ಆ ಕೊಲೆಗಾರನನ್ನ ಬಿಡಲ್ಲ ಅಂತ ತುಂಬಿದ ಸಭೆಯಲ್ಲಿ ಶಾಪ ಹಾಕ್ತಾನೆ. ಹುಡುಕ್ತಾ ಹೋದ ಹಾಗೆ ಆ ಕೊಲೆಗಾರ ತಾನೇ, ಸತ್ತವನು ತನ್ನ ಹೆತ್ತ ತಂದೆ, ತಾನು ಮದುವೆಯಾಗಿರೋದು ತನ್ನ ತಾಯಿಯನ್ನ ಅಂತ ಗೊತ್ತಾಗುತ್ತೆ. ಇಂಥದ್ದಾಗುತ್ತೆ ಅಂತ ಮೊದಲೇ ದೇವವಾಣಿ ಕೇಳಿ, ಆಗಬಾರದು ಅಂತಲೇ ಅವನು ತಾನು ಬೆಳೆದ ಊರನ್ನ ಬಿಟ್ಟು ಬಂದಿದ್ದ. ತಪ್ಪಿಸಿಕೊಳ್ಳೋಕೆ ಹಿಡಿದ ದಾರಿಯಲ್ಲೇ ಎಲ್ಲ ನಡೆದುಹೋಗಿತ್ತು. ಕೊನೆಗೆ ಅವನು ತನ್ನ ಕಣ್ಣು ಚುಚ್ಚಿಕೊಳ್ಳೋದನ್ನ ರಂಗದ ಮೇಲೆ ತೋರಿಸಲ್ಲ, ದೂತನೊಬ್ಬ ಬಂದು ಹೇಳ್ತಾನೆ. ಪಿ. ಲಂಕೇಶ್ ಇದನ್ನ ‘ದೊರೆ ಈಡಿಪಸ್’ ಅಂತ ಕನ್ನಡಕ್ಕೆ ತಂದರು, ಬಿ.ವಿ. ಕಾರಂತರು ಬೆಂಗಳೂರಿನ ಬಯಲಲ್ಲಿ ಆಡಿಸಿದರು.

ಅರಿಸ್ಟಾಟಲ್ ಈ ನಾಟಕಗಳನ್ನ ಕೂಲಂಕಷವಾಗಿ ನೋಡಿ ಒಂದು ಮಾತು ಹೇಳಿದ. ಈ ನಾಯಕ ದುಷ್ಟನೂ ಅಲ್ಲ, ದೇವರಂಥವನೂ ಅಲ್ಲ. ದೊಡ್ಡ ಸ್ಥಾನದಲ್ಲಿರುವ ಮನುಷ್ಯ, ಒಂದು ತಪ್ಪು ಹೆಜ್ಜೆ ಇಟ್ಟು ಬೀಳ್ತಾನೆ. ಆ ಹೆಜ್ಜೆ ಇಡುವಾಗ ಅದು ತಪ್ಪು ಅಂತ ಅವನಿಗೆ ಅನ್ನಿಸಿರಲ್ಲ. ಈ ಮಾತು ಕೈಯಲ್ಲಿ ಹಿಡಿದುಕೊಂಡು ನಮ್ಮ ಕೋಟೆ ಹತ್ತೋಣ ಬನ್ನಿ.

1754. ಕಸ್ತೂರಿ ರಂಗಪ್ಪ ನಾಯಕರು ಮಕ್ಕಳಿಲ್ಲದೆ ತೀರಿಕೊಂಡಿದ್ದಾರೆ. ಚಿತ್ರದುರ್ಗದ ಗಾದಿಗೆ ಜಾನಕಲ್ಲಿನ ಕಡೆಯಿಂದ ಒಬ್ಬ ಹುಡುಗನನ್ನ ತಂದು ಕೂರಿಸ್ತಾರೆ. ಇನ್ನೂ ಹನ್ನೆರಡರ ಆಸುಪಾಸಿನ ವಯಸ್ಸು. ಅವರೇ ಕೊನೆಯ ಮದಕರಿ ನಾಯಕರು. ದಕ್ಷಿಣಕ್ಕೆ ಮೈಸೂರಿನಲ್ಲಿ ಹೈದರಾಲಿ ಬೆಳೀತಾ ಇದ್ದಾನೆ, ಉತ್ತರದಿಂದ ಮರಾಠರು ವರ್ಷ ಬಿಟ್ಟು ವರ್ಷ ಬರ್ತಾರೆ. ದುರ್ಗ ಇರೋದು ಇಬ್ಬರ ಹಾದಿಯಲ್ಲಿ. ಇಬ್ಬರ ದಂಡೂ ಬಾಗಿಲಿಗೆ ಬಂದಾಗ ಮೂರನೆಯವನು ಏನು ಮಾಡಬೇಕು?

1763ರಲ್ಲಿ ಹೈದರ್ ಬಿದನೂರಿನ ಮೇಲೆ ಹೋದಾಗ ದುರ್ಗ ಅವನ ಕಡೆ ನಿಂತಿತು. ಬಿದನೂರು ದುರ್ಗಕ್ಕೆ ಹಳೆಯ ಹಗೆ. 1748ರ ಮಾಯಕೊಂಡ ಯುದ್ಧದಲ್ಲಿ ಆಗ ದುರ್ಗ ಆಳ್ತಿದ್ದ ಹಿರೇಮದಕರಿ ನಾಯಕರು ಸತ್ತಾಗ ಎದುರಾಳಿಗಳ ಕೂಟದಲ್ಲಿ ಬಿದನೂರೂ ಇತ್ತು. ಹಾಗಾಗಿ ಆ ಹೊತ್ತಿಗೆ ಇದು ಸರಿಯಾದ ನಿರ್ಧಾರವೇ. ಆದರೆ ಬಿದನೂರಿನ ಬೊಕ್ಕಸ ಕೈಗೆ ಬಂದ ಮೇಲೆ ಹೈದರನನ್ನ ಹಿಡಿಯೋರೇ ಇಲ್ಲದಂತಾಯ್ತು.

1770ರಲ್ಲಿ ಮರಾಠರ ಪೇಶ್ವೆ ಮಾಧವರಾವ್ ಹೈದರನ ಮೇಲೆ ದಂಡೆತ್ತಿ ಬಂದಾಗ ದುರ್ಗ ಮರಾಠರ ಕಡೆ ನಿಂತಿತು. ನೆಲಮಂಗಲದ ಆಚೆ, ಡಾಬಸ್‌ಪೇಟೆ ಹತ್ತಿರ ನಿಜಗಲ್ಲು ಅಂತ ಒಂದು ಕೋಟೆ ಇದೆ. ಬೆಂಗಳೂರಿಂದ ದುರ್ಗಕ್ಕೆ ಬರುವವರು ಆ ಗುಡ್ಡ ನೋಡೇ ಇರ್ತೀರಿ. ಮರಾಠರ ಅಷ್ಟು ದೊಡ್ಡ ಸೈನ್ಯ ಅಲ್ಲಿ ತಡವರಿಸ್ತಾ ನಿಂತಾಗ, ಆ ಬಂಡೆ ಹತ್ತಿ ಕೋಟೆ ಹಿಡಿದುಕೊಟ್ಟವರು ಮದಕರಿ ನಾಯಕರ ಬೇಡ ಪಡೆಯವರು. ಕಲ್ಲು ಹತ್ತೋದರಲ್ಲಿ ಅವರಿಗೆ ಸಾಟಿ ಯಾರಿದ್ದರು? ಗೆದ್ದರು, ಹೆಸರಾಯ್ತು. ಹೈದರ್ ಅದನ್ನ ಮರೆಯಲಿಲ್ಲ. ದುರ್ಗದ ಪರಾಕ್ರಮದ ಅತ್ಯಂತ ದೊಡ್ಡ ದಿನವೇ ದುರ್ಗದ ನಾಶಕ್ಕೆ ಬೀಜ ಬಿತ್ತಿತು ಅಂತ ನನಗೆ ಅನ್ನಿಸುತ್ತೆ.

1777ರಲ್ಲಿ ಮರಾಠರೂ ನಿಜಾಮನೂ ಒಟ್ಟಿಗೆ ಮೈಸೂರಿನ ಮೇಲೆ ಬಂದಾಗ ಹೈದರ್ ನಾಯಕರಿಗೆ ಹೇಳಿಕಳಿಸಿದ. ನಾಯಕರು ಹೋಗಲಿಲ್ಲ. ಈ ಸಲ ಹೈದರ್ ಉಳಿಯಲ್ಲ ಅಂತ ಅವರ ಲೆಕ್ಕ. ಆ ಲೆಕ್ಕ ತಪ್ಪಿತು. ಹೈದರ್ ದುರ್ಗಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತ. ಏಳು ಸುತ್ತಿನ ಕೋಟೆ ಬಗ್ಗಲಿಲ್ಲ. ಭಾರಿ ಕಾಣಿಕೆಗೆ ಒಪ್ಪಂದವಾಗಿ ಹಿಂದೆ ಸರಿದ, ಮತ್ತೆ ಬಂದ.

ಆ ಮುತ್ತಿಗೆಯ ಒಂದು ಸಂಗತಿ ಕೇಳಿ. ಬ್ರಿಟಿಷ್ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿರೋದು. ಪ್ರತಿ ಸೋಮವಾರ ದುರ್ಗದ ಬೇಡರು ಕಾಳಿಯ ಪೂಜೆ ಮಾಡಿ, ಕೊಂಬೂದಿ, ಕೋಟೆಯಿಂದ ಹೊರಬಿದ್ದು ವೈರಿ ಪಾಳೆಯಕ್ಕೆ ನುಗ್ಗೋರು. ಸೋಮವಾರ ಬರ್ತಾರೆ ಅಂತ ಹೈದರನ ಕಡೆಯವರಿಗೆ ಗೊತ್ತು. ಎಲ್ಲಿಂದ ಬರ್ತಾರೆ ಅನ್ನೋದು ಗೊತ್ತಿಲ್ಲ. ಕಡಿದ ತಲೆಗಳನ್ನ ತಂದು ದೇವಿಯ ಗುಡಿ ಮುಂದೆ ಸಾಲಾಗಿ ಜೋಡಿಸ್ತಿದ್ದರು. ಕೋಟೆ ಬಿದ್ದ ಮೇಲೆ ಅಲ್ಲಿ ಸುಮಾರು 2,000 ತಲೆಗಳಿದ್ದವು ಅಂತ ಅವನ ಬರವಣಿಗೆ. ಪೂಜೆ ನಿಲ್ಲದಷ್ಟು ದಿನ ದುರ್ಗ ಬೀಳಲ್ಲ ಅನ್ನೋ ನಂಬಿಕೆ. ಪೂಜೆ ನಿಲ್ಲಲೇ ಇಲ್ಲ. ಕೋಟೆ ಬಿತ್ತು. ಇದನ್ನ ಓದುವಾಗ ನನಗೆ ಸೊಫೊಕ್ಲಿಸ್ ನೆನಪಾಗ್ತಾನೆ. ದೇವರನ್ನ ಅಷ್ಟು ನೆಚ್ಚಿದ ಜನಕ್ಕೆ ದೇವರು ಯಾಕೆ ಸುಮ್ಮನಾದ ಅನ್ನೋ ಪ್ರಶ್ನೆಗೆ ಗ್ರೀಕರ ನಾಟಕಗಳು ಉತ್ತರ ಹೇಳಲ್ಲ, ಆ ಪ್ರಶ್ನೆಯನ್ನ ಎಲ್ಲರೆದುರು ಗಟ್ಟಿಯಾಗಿ ಕೇಳ್ತವೆ.

1779ರಲ್ಲಿ ಕೋಟೆ ಹೋಯ್ತು. ನಾಯಕರ ಸಂಬಳ ಉಂಡ ಪಡೆಯೊಂದನ್ನ ಹೈದರ್ ಒಳಗೊಳಗೇ ತನ್ನ ಕಡೆ ಮಾಡಿಕೊಂಡಿದ್ದ. ಇದು ನಿಜ. ಆದರೆ ನಾವು ಈ ಕಥೆ ಹೇಳುವಾಗ ಇಷ್ಟಕ್ಕೇ ನಿಲ್ಲಿಸ್ತೀವಿ. ಭಾಷಣದಲ್ಲಿ, ಜಯಂತಿಯಲ್ಲಿ, ಕೋಟೆಯ ಗೈಡುಗಳ ಬಾಯಲ್ಲಿ ಅದೇ ಮಾತು: ದ್ರೋಹ ಆಯ್ತು, ಇಲ್ಲದಿದ್ದರೆ ಬೀಳ್ತಿರಲಿಲ್ಲ. ನನ್ನ ತಕರಾರು ಇಲ್ಲೇ. ದ್ರೋಹದ ಮೇಲೆ ಎಲ್ಲ ಹಾಕಿಬಿಟ್ಟರೆ ಮದಕರಿ ನಾಯಕರು ತಮ್ಮದೇ ಕಥೆಯಲ್ಲಿ ಏನೂ ಮಾಡದವರಾಗ್ತಾರೆ. ಸುಮಾರು ಇಪ್ಪತ್ತೈದು ವರ್ಷ ಎರಡು ದೊಡ್ಡ ಶಕ್ತಿಗಳ ನಡುವೆ ಈ ಪುಟ್ಟ ರಾಜ್ಯವನ್ನ ಉಳಿಸಿದವರು ಅವರು. ಲೆಕ್ಕ ಹಾಕಿದರು, ಪಕ್ಷ ಬದಲಿಸಿದರು, ಮಣಿಯಲ್ಲ ಅಂದರು, ಒಂದು ಸಲ ಎಡವಿದರು. ಆ ನಿರ್ಧಾರಗಳೆಲ್ಲ ಅವರವು. ಅವನ್ನ ಅವರಿಂದ ಕಿತ್ತುಕೊಂಡರೆ ಉಳಿಯೋದು ಪುತ್ಥಳಿ ಮಾತ್ರ.

ಹೈದರನನ್ನ ಬರೀ ಖಳ ಮಾಡಿದರೂ ಅಷ್ಟೇ ನಷ್ಟ. ಮರಾಠರ ದಾರಿಯಲ್ಲಿ, ತನ್ನ ಗಡಿಯಲ್ಲಿ, ಯಾರ ಮಾತೂ ಕೇಳದ ಒಂದು ಕೋಟೆ ಇದ್ದರೆ ಅವನು ನೆಮ್ಮದಿಯಾಗಿ ನಿದ್ದೆ ಮಾಡೋದು ಹೇಗೆ? ವೈರಿಯನ್ನೂ ಮನುಷ್ಯನಾಗಿ ಕಾಣೋದು ಹೇಗೆ ಅನ್ನೋದಕ್ಕೆ ಗ್ರೀಕ್ ನಾಟಕಕಾರ ಈಸ್ಕಿಲಸನನ್ನ ನೋಡಿ. ಪರ್ಷಿಯನ್ನರ ವಿರುದ್ಧ ಮ್ಯಾರಥಾನಿನಲ್ಲಿ ಕತ್ತಿ ಹಿಡಿದು ಹೋರಾಡಿದವನು. ಅವನೇ ಕ್ರಿ.ಪೂ. 472ರಲ್ಲಿ ‘ಪರ್ಷಿಯನ್ನರು’ ಅಂತ ನಾಟಕ ಬರೆದು, ಸೋತ ವೈರಿಯ ಮನೆಯ ಅಳುವನ್ನ ಅಥೆನ್ಸಿನ ಜನಕ್ಕೇ ಕೇಳಿಸಿದ. ಬಿ.ಎಂ. ಶ್ರೀಕಂಠಯ್ಯನವರು ಅದನ್ನ ‘ಪಾರಸಿಕರು’ ಅಂತ ಕನ್ನಡಕ್ಕೆ ತಂದರು. ಅದಕ್ಕೂ ಮೊದಲು ಸೊಫೊಕ್ಲಿಸನ ‘ಏಜಾಕ್ಸ್’ ಹಿಡಿದು ‘ಅಶ್ವತ್ಥಾಮನ್’ ಬರೆದರು, ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕಟ್ಟಿ ದುರ್ಯೋಧನನನ್ನ ರುದ್ರನಾಟಕದ ನಾಯಕನಾಗಿ ನಿಲ್ಲಿಸಿದರು. ಊರೂರಿನ ಕುರುಕ್ಷೇತ್ರದಲ್ಲಿ ಜನ ಮೊದಲೇ ಒಪ್ಪಿಕೊಂಡಿದ್ದನ್ನ ಶ್ರೀಕಂಠಯ್ಯನವರು ಪಂಡಿತರಿಗೂ ಒಪ್ಪಿಸಿದರು ಅನ್ನಬಹುದು.

ಮದಕರಿ ನಾಯಕರಿಗೆ ಆ ನ್ಯಾಯ ಕೊಟ್ಟವರು ಕಾದಂಬರಿಕಾರ ತ.ರಾ.ಸು. ‘ದುರ್ಗಾಸ್ತಮಾನ’ 1982ರಲ್ಲಿ ಬಂತು, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಾಗ ಅವರು ಬದುಕಿರಲಿಲ್ಲ. ಕೊನೆ ಏನಾಗುತ್ತೆ ಅಂತ ಆ ಕಾದಂಬರಿಯ ಹೆಸರೇ ಹೇಳಿಬಿಡುತ್ತೆ. ಆದರೂ ಎದೆ ಹೊಡೆದುಕೊಳ್ತಾ ಓದ್ತೀವಿ. ‘ನಾಗರಹಾವು’ ಕೂಡ ಅವರ ಕಾದಂಬರಿಗಳಿಂದಲೇ ಬಂದ ಚಿತ್ರ. ಪುಟ್ಟಣ್ಣ ಕಣಗಾಲರು 1972ರಲ್ಲಿ ಇದೇ ಕೋಟೆಯಲ್ಲಿ ಚಿತ್ರಿಸಿದ್ದು. ಅದರಲ್ಲಿ ಚಾಮಯ್ಯ ಮೇಷ್ಟ್ರು ಪ್ರತಿ ಸಲವೂ ತಮ್ಮ ಶಿಷ್ಯ ರಾಮಾಚಾರಿಯ ಒಳ್ಳೆಯದಕ್ಕೇ ಮಾತಾಡ್ತಾರೆ. ಅವರ ಮಾತು ಕೇಳಿಯೇ ಹುಡುಗ ಹಾಳಾಗ್ತಾನೆ. ಅರಿಸ್ಟಾಟಲ್ ಹೇಳಿದ್ದು ಇದನ್ನೇ.

ಇನ್ನೊಂದು ನಾಟಕದ ಬಗ್ಗೆ ಹೇಳಿ ಮುಗಿಸ್ತೀನಿ. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೀಲೋಸ್ ಅನ್ನೋ ದ್ವೀಪವನ್ನ ಗೆದ್ದು ಗಂಡಸರನ್ನ ಕೊಂದರು, ಹೆಂಗಸರು ಮಕ್ಕಳನ್ನ ಗುಲಾಮರಾಗಿ ಮಾರಿದರು. ಮರುವರ್ಷವೇ ನಾಟಕಕಾರ ಯೂರಿಪಿಡಿಸ್ ಅದೇ ಅಥೆನ್ಸಿನಲ್ಲಿ ‘ಟ್ರೋಜನ್ ಹೆಂಗಸರು’ ನಾಟಕ ಆಡಿಸಿದ. ಟ್ರೋಜನರ ಊರು ಬಿದ್ದಿದೆ, ಗಂಡಂದಿರು ಸತ್ತಿದ್ದಾರೆ, ಹೆಂಗಸರು ಹಡಗಿಗೆ ಕಾಯ್ತಾ ಕೂತಿದ್ದಾರೆ. ನಾಟಕ ಅಂದರೆ ಅಷ್ಟೇ. ನಾಯಕ ಸತ್ತ ಮೇಲೆ ಉಳಿದವರ ಕಥೆ.

ನಮ್ಮ ದುರ್ಗದಲ್ಲೂ ಉಳಿದವರಿದ್ದರು. ನಾಯಕರನ್ನ, ಅವರ ಮನೆಯವರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅವರ ಹಿಂದೆಯೇ ಸುಮಾರು 20,000 ಬೇಡರನ್ನ ಊರು ಬಿಡಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದರು ಅಂತ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಾಗಿದೆ. ಗಂಡುಹುಡುಗರನ್ನ ಬೇರೆ ಮಾಡಿ ಚೇಲಾ ಅನ್ನೋ ಸೆರೆಹುಡುಗರ ಪಡೆಗಳಿಗೆ ಸೇರಿಸಿದರು. ಯಾವ ಊರಿನವರು, ಯಾರ ಮಕ್ಕಳು, ದಾರಿಯಲ್ಲಿ ಎಷ್ಟು ಜನ ಸತ್ತರು? ಒಬ್ಬರ ಹೆಸರೂ ಆ ಸಾಲಿನಲ್ಲಿಲ್ಲ. ಒನಕೆ ಹಿಡಿದು ವೈರಿಗಳನ್ನ ತಡೆದ ಓಬವ್ವನ ಹೆಸರು ಉಳಿದಿದೆ, ಅದು ನಮ್ಮ ಪುಣ್ಯ. ಮಿಕ್ಕವರದು ಬರೀ ಒಂದು ಸಂಖ್ಯೆ.

ಅದಕ್ಕೇ ಜಿಲ್ಲೆಯ ನಾಟಕಕಾರರಿಗೆ, ರಂಗತಂಡಗಳಿಗೆ, ಕಾಲೇಜು ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ನಾಯಕರ ಮೇಲೆ ನಾಟಕ ಬರೀರಿ, ಖಂಡಿತ ಬರೀರಿ. ಆದರೆ ಈ ಸಲ ಮೇಳಕ್ಕೆ ಮಾತು ಕೊಡಿ. ದುರ್ಗದಿಂದ ಶ್ರೀರಂಗಪಟ್ಟಣದವರೆಗೆ ನಡೆದುಹೋದ ಆ ಜನ ರಂಗದ ಮೇಲೆ ಬಂದು ತಮ್ಮ ಕಥೆ ತಾವೇ ಹೇಳಲಿ. ನಿಮ್ಮ ಮನೆಯಲ್ಲಿ, ನಿಮ್ಮ ಹಟ್ಟಿಯಲ್ಲಿ ಆ ಕಾಲದ ಮಾತು, ಪದ ಏನಾದರೂ ಹಿರಿಯರ ಬಾಯಲ್ಲಿ ಉಳಿದಿದ್ದರೆ ದಯವಿಟ್ಟು ಈಗಲೇ ಕೂತು ಬರೆದಿಟ್ಟುಕೊಳ್ಳಿ.